ಅಳೆಯಬೇಕಾದದ್ದು ವಾಹನದ ವಯಸ್ಸನ್ನೋ, ಹೊಗೆಯನ್ನೋ?

2025ರ ಜುಲೈ 1ರಂದು ದೆಹಲಿಯ ಪೆಟ್ರೋಲ್ ಬಂಕುಗಳಲ್ಲಿ ಒಂದು ಹೊಸ ವ್ಯವಸ್ಥೆ ಜಾರಿಗೆ ಬಂದಿತು. ಬಂಕಿಗೆ ಬರುವ ಪ್ರತಿಯೊಂದು ವಾಹನದ ನಂಬರ್ ಪ್ಲೇಟನ್ನು ಕ್ಯಾಮೆರಾ ಓದಬೇಕು. 10 ವರ್ಷ ಮೀರಿದ ಡೀಸೆಲ್ ವಾಹನ ಅಥವಾ 15 ವರ್ಷ ಮೀರಿದ ಪೆಟ್ರೋಲ್ ವಾಹನವೆಂದು ದಾಖಲೆಯಿಂದ ತಿಳಿದುಬಂದರೆ ಅದಕ್ಕೆ ಇಂಧನ ಹಾಕಕೂಡದು. ರಾಜಧಾನಿ ವಲಯದ ವಾಯು ಗುಣಮಟ್ಟ ನಿರ್ವಹಣಾ ಆಯೋಗವು ಹೊರಡಿಸಿದ್ದ ಈ ಆದೇಶದ ವ್ಯಾಪ್ತಿಗೆ ದೆಹಲಿಯೊಂದರಲ್ಲೇ ಸುಮಾರು 62 ಲಕ್ಷ ವಾಹನಗಳು ಸೇರುತ್ತವೆಂದು ಆಗ ವರದಿಯಾಯಿತು. ಅವುಗಳ ಪೈಕಿ 40 ಲಕ್ಷಕ್ಕೂ ಹೆಚ್ಚು ದ್ವಿಚಕ್ರ ವಾಹನಗಳು.

ವ್ಯವಸ್ಥೆ ಒಂದು ವಾರವೂ ನಿಲ್ಲಲಿಲ್ಲ. ಜುಲೈ 3ರಂದು ದೆಹಲಿ ಸರ್ಕಾರವೇ ಕ್ಯಾಮೆರಾಗಳ ದೋಷವನ್ನೂ, ನೆರೆಯ ಜಿಲ್ಲೆಗಳಲ್ಲಿ ಇಂಥ ಏರ್ಪಾಡು ಇಲ್ಲದಿರುವುದನ್ನೂ ಮುಂದಿಟ್ಟು ಆಯೋಗಕ್ಕೆ ಪತ್ರ ಬರೆಯಿತು. ಜುಲೈ 8ರಂದು ಆಯೋಗವು ಆದೇಶವನ್ನು ನವೆಂಬರ್ 1ಕ್ಕೆ ಮುಂದೂಡಿತು. ಆಗಸ್ಟ್ 12ರಂದು ಸುಪ್ರೀಂ ಕೋರ್ಟ್, ವಯಸ್ಸು ಮೀರಿದ ಒಂದೇ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಕೈಗೊಳ್ಳಬಾರದೆಂದು ಸೂಚಿಸಿತು. ಡಿಸೆಂಬರ್ 17ರಂದು ಅದೇ ನ್ಯಾಯಾಲಯವು ಆ ರಕ್ಷಣೆಯನ್ನು ಬಿಎಸ್-4 ಹಾಗೂ ಅನಂತರದ ಮಾನದಂಡದ ವಾಹನಗಳಿಗೆ ಮಾತ್ರ ಉಳಿಸಿ, ಬಿಎಸ್-3 ಮತ್ತು ಅದಕ್ಕಿಂತ ಹಿಂದಿನವುಗಳ ಮೇಲೆ ಕ್ರಮಕ್ಕೆ ಅವಕಾಶ ನೀಡಿತು.

ಆರು ತಿಂಗಳಲ್ಲಿ ನಾಲ್ಕು ಬಾರಿ ನಿಲುವು ಬದಲಾದುದನ್ನು ಕಂಡು ವರ್ತಕರು ಬೇಸರಪಟ್ಟುದು ಸಹಜವೇ. ಆದರೆ ಈ ಗೊಂದಲದ ನಡುವೆ ಮಹತ್ವದ ಒಂದು ತಿರುವು ಅಡಗಿದೆ. ರಾಜಧಾನಿಯ ಹಳೆಯ ವಾಹನಗಳನ್ನು ಹತ್ತು ವರ್ಷಗಳ ಕಾಲ ಕೇವಲ ನೋಂದಣಿಯ ದಿನಾಂಕದಿಂದ ಅಳೆಯಲಾಗುತ್ತಿತ್ತು. ಡಿಸೆಂಬರ್ 17ರ ಆದೇಶದ ಬಳಿಕ ಎಂಜಿನ್ ಯಾವ ಮಾನದಂಡದ್ದೆಂಬ ಪ್ರಶ್ನೆಯೂ ಲೆಕ್ಕಕ್ಕೆ ಬಂದಿದೆ. ಈ ತಿರುವು ಗಟ್ಟಿಯಾಗಿ ನಿಲ್ಲುವುದೋ, ಮತ್ತೆ ವಯಸ್ಸಿನ ಕತ್ತಿಯೇ ಬೀಳುವುದೋ ಎಂಬುದು ಬಹುಮಟ್ಟಿಗೆ ಒಂದು ಸಣ್ಣ ಕಾಗದದ ಮೇಲೆ ನಿಂತಿದೆ. ಅದು ಹೊಗೆ ತಪಾಸಣೆಯ ಪ್ರಮಾಣಪತ್ರ. ಆ ಕಾಗದದ ಮಾನ ಕಳೆಯುವುದರಲ್ಲಿ ವಾಹನ ಮಾಲೀಕರ ಪಾಲೂ ಸಾಕಷ್ಟಿದೆ.

ದೆಹಲಿಯ ಹೊಗೆಗೂ ಕರ್ನಾಟಕದ ಮಂಡಿಗೂ ಏನು ಸಂಬಂಧವೆಂದು ಕೇಳುವವರು ಉಂಟು. ತಿಪಟೂರಿನ ಕೊಬ್ಬರಿ, ಮಲೆನಾಡಿನ ಅಡಿಕೆ, ಬ್ಯಾಡಗಿಯ ಮೆಣಸಿನಕಾಯಿ, ಪೀಣ್ಯದ ಬಿಡಿಭಾಗಗಳು ಲಾರಿಯೇರಿ ಉತ್ತರಕ್ಕೆ ಹೋಗುತ್ತವೆ. ದೆಹಲಿಯಲ್ಲಿ ನೋಂದಣಿಯಾಗದ, ಬಿಎಸ್-3 ಮತ್ತು ಅದಕ್ಕಿಂತ ಹಿಂದಿನ ಸರಕು ವಾಹನಗಳಿಗೆ 2025ರ ನವೆಂಬರ್ 1ರಿಂದ ಆ ನಗರದೊಳಗೆ ಪ್ರವೇಶವಿಲ್ಲ. ಹೊರ ರಾಜ್ಯಗಳ ಬಿಎಸ್-4 ಸರಕು ವಾಹನಗಳಿಗೆ ಕೊಟ್ಟ ಅವಧಿ 2026ರ ಅಕ್ಟೋಬರ್ 31ರವರೆಗಿನದು. ಇನ್ನು ಕೇಂದ್ರ ಸರ್ಕಾರವು 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿ ನಗರಗಳಿವೆ. ನೆರೆಯ ಕೇರಳದ ಆರು ನಗರಗಳಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳು ಓಡಬಾರದೆಂದು ಹಸಿರು ನ್ಯಾಯಮಂಡಳಿಯ ಪೀಠವು 2016ರಲ್ಲಿಯೇ ಆದೇಶಿಸಿತ್ತು. ಅಲ್ಲಿನ ಹೈಕೋರ್ಟ್ ತಡೆ ನೀಡಿದ್ದರಿಂದ ಅದು ನಿಂತಿತು. ಕೋಲ್ಕತ್ತದಲ್ಲಂತೂ 15 ವರ್ಷ ಮೀರಿದ ವಾಣಿಜ್ಯ ವಾಹನಗಳು ಹೈಕೋರ್ಟ್ ಆದೇಶದಂತೆ 2009ರಲ್ಲಿ ರಸ್ತೆಯಿಂದ ಇಳಿದವು. ಆದ್ದರಿಂದ ದೂರದ ಊರಿನ ಸಂಗತಿಯೆಂದು ಇದನ್ನು ಬದಿಗಿಡುವುದು ಜಾಣತನವಲ್ಲ.

ವಯಸ್ಸಿನ ಲೆಕ್ಕ ಎಲ್ಲಿಂದ ಬಂತು? ಪರಿಸರ ಹೋರಾಟಗಾರ ವಕೀಲ ಎಂ.ಸಿ. ಮೆಹ್ತಾ ಅವರು 1985ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1998ರ ಜುಲೈ 28ರಂದು ಒಂದು ಆದೇಶ ನೀಡಿತು. ದೆಹಲಿಯ ಬಸ್ಸುಗಳೆಲ್ಲವೂ 2001ರ ಮಾರ್ಚ್ 31ರೊಳಗೆ ಸಿಎನ್‌ಜಿಗೆ ಬದಲಾಗಬೇಕು, 1990ಕ್ಕೆ ಹಿಂದಿನ ಆಟೋ ಮತ್ತು ಟ್ಯಾಕ್ಸಿಗಳ ಜಾಗದಲ್ಲಿ ಶುದ್ಧ ಇಂಧನದ ಹೊಸ ವಾಹನಗಳು ಬರಬೇಕು ಎಂಬುದು ಅದರ ಸಾರ. ಆದೇಶ ಬಂದಾಗ ಅಷ್ಟು ಅನಿಲ ತುಂಬುವ ಕೇಂದ್ರಗಳಿರಲಿಲ್ಲ. ಸರ್ಕಾರವೂ ಬಸ್ ಮಾಲೀಕರೂ ಗಡುವು ಹೇಗಾದರೂ ಮುಂದೆ ಹೋಗುವುದೆಂದು ನಂಬಿ ಕುಳಿತರು. ಗಡುವು ಬಂದಾಗ ಅನಿಲಕ್ಕಾಗಿ ಗಂಟೆಗಟ್ಟಲೆ ಸಾಲು, ರಸ್ತೆಯಲ್ಲಿ ಬಸ್ಸಿಲ್ಲದೆ ಪ್ರಯಾಣಿಕರ ಪರದಾಟ. ಕೊನೆಗೆ 2002ರ ಏಪ್ರಿಲ್‌ನಲ್ಲಿ ನ್ಯಾಯಾಲಯವು ಡೀಸೆಲ್ ಬಸ್ಸಿಗೆ ದಿನಕ್ಕೆ 500 ರೂಪಾಯಿ, ಒಂದು ತಿಂಗಳ ಬಳಿಕ ದಿನಕ್ಕೆ 1,000 ರೂಪಾಯಿ ದಂಡ ವಿಧಿಸಿತು. ಅದೇ ವರ್ಷಾಂತ್ಯಕ್ಕೆ ನಗರದ ಡೀಸೆಲ್ ಬಸ್ಸುಗಳು ಮರೆಯಾದವು. ಈ ಪ್ರಕರಣವನ್ನು ಪರಿಸರದ ಗೆಲುವೆಂದು ಹೇಳುವುದು ವಾಡಿಕೆ. ಅದು ಸರಿಯೇ. ಆದರೆ ನಾಲ್ಕು ವರ್ಷ ಕಣ್ಣು ಮುಚ್ಚಿ ಕುಳಿತವರು ಕೊನೆಗೆ ದಂಡ ಕಟ್ಟಿದರು, ಮೊದಲೇ ವಾಹನ ಬದಲಿಸಿದವರು ವ್ಯಾಪಾರ ಹಿಡಿದರು ಎಂಬುದು ವರ್ತಕರು ಅದರಿಂದ ಓದಿಕೊಳ್ಳಬೇಕಾದ ಪಾಠ.

ಬಳಿಕ 2014ರ ನವೆಂಬರ್ 26ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 15 ವರ್ಷ ಮೀರಿದ ವಾಹನಗಳನ್ನೂ, 2015ರ ಏಪ್ರಿಲ್ 7ರಂದು 10 ವರ್ಷ ಮೀರಿದ ಡೀಸೆಲ್ ವಾಹನಗಳನ್ನೂ ನಿಷೇಧಿಸಿತು. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 29ರಂದು ಅದನ್ನು ಜಾರಿಗೊಳಿಸಲು ನಿರ್ದೇಶಿಸಿತು. ನಡುವೆ 2015ರಲ್ಲಿ ದೆಹಲಿ ಪ್ರವೇಶಿಸುವ ಲಾರಿಗಳ ಮೇಲೆ ಪರಿಸರ ಪರಿಹಾರ ಶುಲ್ಕವೂ ಬಂತು: ಅಕ್ಟೋಬರ್‌ನಲ್ಲಿ ಹಗುರ ವಾಹನಕ್ಕೆ 700, ಭಾರಿ ವಾಹನಕ್ಕೆ 1,300 ರೂಪಾಯಿ, ಡಿಸೆಂಬರ್‌ನಲ್ಲಿ ಅದರ ಇಮ್ಮಡಿ. ಲಾರಿ ಮಾಲೀಕ ಅದನ್ನು ಬಾಡಿಗೆಗೆ ಸೇರಿಸುತ್ತಾನೆ, ಅದು ಕೊನೆಗೆ ಸರಕಿನ ಬೆಲೆಗೇ ಸೇರುತ್ತದೆ ಎಂಬುದನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಹಳೆಯ ಡೀಸೆಲ್ ಎಂಜಿನ್ನಿನ ಪರವಾಗಿ ವಕಾಲತ್ತು ವಹಿಸುವುದು ಸಾಧ್ಯವಿಲ್ಲ. ಒಂದು ಕಿಲೊವ್ಯಾಟ್-ಗಂಟೆಯಷ್ಟು ಕೆಲಸಕ್ಕೆ ಭಾರಿ ಡೀಸೆಲ್ ಎಂಜಿನ್ ಹೊರಬಿಡಬಹುದಾದ ಮಸಿಕಣಗಳ ಮಿತಿ 2000ದಲ್ಲಿ ದೇಶದಾದ್ಯಂತ ಬಂದ ಮೊದಲ ಮಾನದಂಡದಲ್ಲಿ 0.36 ಗ್ರಾಂ. ಅದು ಬಿಎಸ್-3ರಲ್ಲಿ 0.10, ಬಿಎಸ್-4ರಲ್ಲಿ 0.02, ಬಿಎಸ್-6ರಲ್ಲಿ 0.01 ಗ್ರಾಂಗೆ ಇಳಿಯಿತು. ಅಂದರೆ ನಿಯಮದ ಲೆಕ್ಕದಲ್ಲಿ 2000ದ ಒಂದು ಲಾರಿ 36 ಹೊಸ ಲಾರಿಗಳಿಗೆ ಸಮ. ಮೂರರಿಂದ ನಾಲ್ಕಕ್ಕೆ ಬಂದಾಗಲೇ ಮಿತಿ ಐದರಲ್ಲೊಂದು ಪಾಲಾಯಿತು; ನ್ಯಾಯಾಲಯವು ಗೆರೆಯನ್ನು ಬಿಎಸ್-4ರ ಬಳಿ ಎಳೆದುದಕ್ಕೆ ಈ ಅಂಕಿಗಳಲ್ಲಿ ಸಮರ್ಥನೆಯುಂಟು. ದೆಹಲಿಯ ಸೂಕ್ಷ್ಮಕಣಗಳಲ್ಲಿ ವಾಹನಗಳ ಪಾಲು ಸುಮಾರು ಶೇ. 20 ಎಂದು ಐಐಟಿ ಕಾನ್ಪುರದ 2016ರ ಅಧ್ಯಯನ ಅಂದಾಜಿಸಿತ್ತು. ರಸ್ತೆಯ ಧೂಳಿನ ಪಾಲು ಅದಕ್ಕಿಂತ ಹೆಚ್ಚೆಂಬುದೂ ಅದೇ ಅಧ್ಯಯನದಲ್ಲಿದೆ. ಧೂಳಿನ ಕಡೆ ಬೆರಳು ತೋರಿಸಿ ಹೊಗೆಯ ಹೊಣೆಯಿಂದ ಪಾರಾಗುವ ವಾದ ಸಭೆಗಳಲ್ಲಿ ಚೆನ್ನಾಗಿ ಕೇಳಿಸುತ್ತದೆ, ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ವಯಸ್ಸಿನ ಲೆಕ್ಕದ ದೋಷವಿರುವುದು ಬೇರೆ ಕಡೆ. ಭಾರತದಲ್ಲಿ ಮಾನದಂಡಗಳು ಎಲ್ಲ ಊರಿಗೂ ಒಂದೇ ದಿನ ಬರಲಿಲ್ಲ. ಬಿಎಸ್-4 ದೆಹಲಿ, ಬೆಂಗಳೂರು ಮೊದಲಾದ 13 ನಗರಗಳಿಗೆ 2010ರ ಏಪ್ರಿಲ್‌ನಲ್ಲಿ ಬಂದರೆ, ದೇಶಕ್ಕೆಲ್ಲ ಬಂದುದು 2017ರ ಏಪ್ರಿಲ್‌ನಲ್ಲಿ. ಹೀಗಾಗಿ ಬೆಂಗಳೂರಿನಲ್ಲಿ 2011ರಲ್ಲಿ ನೋಂದಣಿಯಾದ ಡೀಸೆಲ್ ವಾಹನ ಬಿಎಸ್-4 ಆಗಿದ್ದು, ಹಾವೇರಿಯಲ್ಲಿ 2016ರಲ್ಲಿ ಕೊಂಡ ಲಾರಿ ಬಿಎಸ್-3 ಆಗಿರುವ ಸಾಧ್ಯತೆಯುಂಟು. ವಯಸ್ಸಿನ ನಿಯಮ ಮೊದಲನೆಯದನ್ನು ಹೊರಗಟ್ಟಿ ಎರಡನೆಯದನ್ನು ಒಳಗೆ ಬಿಡುತ್ತದೆ. ಹೆಚ್ಚು ಹೊಗೆಯುಗುಳುವುದು ಎರಡನೆಯದು! ಗಾಳಿಗೂ ಲಾಭವಿಲ್ಲ, ಮಾಲೀಕನಿಗೂ ನ್ಯಾಯವಿಲ್ಲ.

ಆದರೆ ಇಲ್ಲಿಯೇ ಒಂದು ಎಚ್ಚರಿಕೆಯೂ ಅಗತ್ಯ. ಹೊಗೆಯ ಅಳತೆಯೆಂದರೆ ರಿಯಾಯಿತಿಯೆಂದು ಯಾರೂ ಭಾವಿಸಬಾರದು. ಬಿಎಸ್-3 ವಾಹನಗಳ ಮಾರಾಟವನ್ನು 2017ರ ಏಪ್ರಿಲ್ 1ರಿಂದ ನಿಷೇಧಿಸಿ ಸುಪ್ರೀಂ ಕೋರ್ಟ್ ಮಾರ್ಚ್ 29ರಂದು ತೀರ್ಪು ನೀಡಿದಾಗ ತಯಾರಕರ ಮತ್ತು ಡೀಲರುಗಳ ಬಳಿ 8 ಲಕ್ಷಕ್ಕೂ ಹೆಚ್ಚು ವಾಹನಗಳು ಉಳಿದಿದ್ದವು. ಅವುಗಳಲ್ಲಿ 90 ಸಾವಿರಕ್ಕೂ ಹೆಚ್ಚು ವಾಣಿಜ್ಯ ವಾಹನಗಳು. ಕೊನೆಯ ಎರಡು ದಿನಗಳಲ್ಲಿ ಬೆಲೆ ಇಳಿಸಿ ಮಾರಿದ ಭರಾಟೆ ಅನೇಕರಿಗೆ ನೆನಪಿರಬಹುದು. ಅಂದು ಕಾನೂನುಬದ್ಧವಾಗಿ ಕೊಂಡ ಲಾರಿ ಒಂಬತ್ತು ವರ್ಷವೂ ತುಂಬುವ ಮೊದಲೇ ದೆಹಲಿಯ ಗಡಿಯಲ್ಲಿ ನಿಂತಿತು. ವಯಸ್ಸಿನ ನಿಯಮವೇ ಇದ್ದಿದ್ದರೆ ಅದಕ್ಕೆ ಇನ್ನೂ ಒಂದು ವರ್ಷ ಓಟ ಸಿಗುತ್ತಿತ್ತು. ಆದರೂ ಮಾನದಂಡದ ನಿಯಮವೇ ಲೇಸು. ಏಕೆಂದರೆ ಅದರಡಿಯಲ್ಲಿ ಮುಂದಿನ ಖರೀದಿಯನ್ನು ಯೋಚಿಸಿ ಮಾಡಬಹುದು: ಶುದ್ಧವಾದ ಎಂಜಿನ್ನಿಗೆ ಹೆಚ್ಚು ಹಣ ಕೊಟ್ಟವನಿಗೆ ಹೆಚ್ಚು ವರ್ಷಗಳ ದುಡಿಮೆ ದೊರೆಯುತ್ತದೆ. ವಯಸ್ಸಿನ ನಿಯಮದಡಿ ಒಳ್ಳೆಯ ಎಂಜಿನ್ ಕೊಂಡವನಿಗೂ, ಅದನ್ನು ಕಾಲಕಾಲಕ್ಕೆ ದುರಸ್ತಿ ಮಾಡಿಸಿದವನಿಗೂ ಏನೂ ಪ್ರಯೋಜನವಿಲ್ಲ. ಹತ್ತನೆಯ ವರ್ಷ ಗುಜರಿಗೆ ಹೋಗುವ ಗಾಡಿಗೆ ಎಂಟನೆಯ ವರ್ಷ ಹೊಸ ಇಂಜೆಕ್ಟರ್ ಹಾಕಿಸುವ ಮಾಲೀಕ ಯಾರಿದ್ದಾನೆ?

ಸಣ್ಣ ಉದ್ದಿಮೆದಾರನಿಗೆ ಹಳೆಯ ವಾಹನವೆಂದರೆ ಏನೆಂಬುದನ್ನು ಆದೇಶ ಬರೆಯುವವರು ಒಮ್ಮೆ ಯೋಚಿಸುವುದು ಒಳಿತು. ಹೊಸ ಲಾರಿ ಮೊದಲ ಕೆಲವು ವರ್ಷ ದೂರದ ಹಾದಿಯಲ್ಲಿ ದುಡಿಯುತ್ತದೆ. ಬ್ಯಾಂಕಿನ ಕಂತು ತೀರಿದ ಮೇಲೆ ಕೈ ಬದಲಾಗಿ ಜಿಲ್ಲೆಯೊಳಗಿನ ಮಂಡಿಗೆ, ಅಲ್ಲಿಂದ ಇಟ್ಟಿಗೆ, ಮರಳು, ಹುಲ್ಲು ಸಾಗಿಸುವ ಕೆಲಸಕ್ಕೆ ಇಳಿಯುತ್ತದೆ. ಮೂರನೆಯ ಕೈಯವನಿಗೆ ಅದು ಅವನ ಬಂಡವಾಳದ ಬಹುಪಾಲು. ಹೊಸ ವಾಹನಕ್ಕೆ ಸಾಲ ಕೇಳಿದರೆ ಆದಾಯ ತೆರಿಗೆಯ ದಾಖಲೆ ತೋರಿಸೆಂದು ಬ್ಯಾಂಕು ಹೇಳುತ್ತದೆ. ಖಾಸಗಿ ಫೈನಾನ್ಸಿನವರ ಬಡ್ಡಿ ಎಲ್ಲರಿಗೂ ಗೊತ್ತಿರುವುದೇ. 2021ರ ಗುಜರಿ ನೀತಿಯಡಿ ಹಳೆಯ ವಾಹನವನ್ನು ನೋಂದಾಯಿತ ಕೇಂದ್ರಕ್ಕೆ ಒಪ್ಪಿಸಿದವರಿಗೆ ಹೊಸ ವಾಹನದ ತೆರಿಗೆಯಲ್ಲಿ ರಾಜ್ಯಗಳು ವಿನಾಯಿತಿ ನೀಡಲು ಅವಕಾಶವಿದೆ: ಖಾಸಗಿ ವಾಹನಕ್ಕೆ ಶೇ. 25ರವರೆಗೆ, ಸಾರಿಗೆ ವಾಹನಕ್ಕೆ ಶೇ. 15ರವರೆಗೆ. ದುಡಿಯುವ ವಾಹನಕ್ಕೆ ಕಡಿಮೆ, ಮನೆಯ ಕಾರಿಗೆ ಹೆಚ್ಚು ಎಂಬ ಈ ಲೆಕ್ಕದ ತರ್ಕ ಅರ್ಥವಾಗುವಂಥದ್ದಲ್ಲ. ಅಲ್ಲದೆ ಮೂರನೆಯ ಕೈಯವನು ಕೊಳ್ಳುವುದು ಮತ್ತೊಂದು ಹಳೆಯ ವಾಹನವನ್ನೇ ಹೊರತು ಹೊಸದನ್ನಲ್ಲ. ಹೊಸ ವಾಹನದ ತೆರಿಗೆ ವಿನಾಯಿತಿಯಿಂದ ಅವನಿಗೇನು ಸಿಕ್ಕಂತಾಯಿತು?

ದೆಹಲಿಯಿಂದ ಹೊರಬಿದ್ದ ವಾಹನ ಎಲ್ಲಿ ಹೋಗುತ್ತದೆಂಬುದೂ ಕೇಳಬೇಕಾದ ಪ್ರಶ್ನೆ. ನಿರಾಕ್ಷೇಪಣಾ ಪತ್ರ ಪಡೆದು ಬೇರೆ ರಾಜ್ಯಕ್ಕೆ ಮಾರಲು ಅವಕಾಶ ಕೊಟ್ಟಿರುವುದರಿಂದ, ಅಲ್ಲಿ ಕೆಟ್ಟದ್ದೆನಿಸಿದ ಹೊಗೆ ಇನ್ನೊಂದು ಊರಿನ ಗಾಳಿ ಸೇರುತ್ತದೆ. ಅಗ್ಗದ ಬೆಲೆಗೆ ಆಸೆಪಟ್ಟು ಅಂಥ ವಾಹನ ತರುವ ವರ್ತಕರು ನಾಳೆ ತಮ್ಮ ಊರಿಗೂ ಅದೇ ನಿಯಮ ಬಂದರೆ ಯಾರಿಗೆ ಮಾರುವರೆಂದು ಯೋಚಿಸಿದಂತೆ ಕಾಣುವುದಿಲ್ಲ.

ಹೀಗಿದ್ದೂ ನ್ಯಾಯಾಲಯಗಳು ವಯಸ್ಸನ್ನೇ ಏಕೆ ಹಿಡಿದವು? ನೋಂದಣಿಯ ದಿನಾಂಕವನ್ನು ತಿದ್ದುವುದು ಕಷ್ಟ, ಹೊಗೆ ತಪಾಸಣೆಯ ಫಲಿತಾಂಶವನ್ನು ತಿದ್ದುವುದು ಸುಲಭ. ಕಟುವಾದರೂ ಇದೇ ಉತ್ತರ. ದೆಹಲಿಯ ವಾಹನ ಮಾಲಿನ್ಯದ ಬಗ್ಗೆ ಮಹಾಲೇಖಪಾಲರು ಸಿದ್ಧಪಡಿಸಿದ ವರದಿಯನ್ನು 2025ರ ಏಪ್ರಿಲ್‌ನಲ್ಲಿ ಅಲ್ಲಿನ ವಿಧಾನಸಭೆಯಲ್ಲಿ ಮಂಡಿಸಲಾಯಿತು. 2015ರಿಂದ 2020ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಆ ವರದಿಯ ಪ್ರಕಾರ, ಮಿತಿ ಮೀರಿ ಹೊಗೆಯುಗುಳಿದರೂ ಪ್ರಮಾಣಪತ್ರ ಪಡೆದ ಪೆಟ್ರೋಲ್ ಮತ್ತು ಅನಿಲ ವಾಹನಗಳು 1.08 ಲಕ್ಷ. ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕೆಲಸವೆಲ್ಲ ಒಂದೇ ನಿಮಿಷದಲ್ಲಿ ಮುಗಿದ ಪ್ರಕರಣಗಳು 76 ಸಾವಿರಕ್ಕೂ ಮೇಲ್ಪಟ್ಟು. ಒಂದೇ ಕೇಂದ್ರದಲ್ಲಿ ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ವಾಹನಗಳು ತಪಾಸಣೆಗೊಂಡ ಸಾವಿರಾರು ಪ್ರಕರಣಗಳೂ ಅದರಲ್ಲಿವೆ. ಡೀಸೆಲ್ ವಾಹನಗಳ ಪೈಕಿ ಶೇ. 24ರಷ್ಟಕ್ಕೆ ಅಳತೆಯ ಅಂಕಿಯನ್ನೇ ದಾಖಲಿಸಿರಲಿಲ್ಲ.

ರಾಜಧಾನಿಯ ಸ್ಥಿತಿಯೇ ಹೀಗಿದ್ದರೆ ಉಳಿದೆಡೆ ಹೇಗಿರಬಹುದೆಂಬುದನ್ನು ಊಹಿಸಬಹುದು. ವಾಹನ ಮನೆಯಲ್ಲಿದ್ದು ಪ್ರಮಾಣಪತ್ರ ಮಾತ್ರ ಕೈಗೆ ಬರುವ ಅನುಕೂಲವನ್ನು ಬಳಸಿದವರಲ್ಲಿ ವರ್ತಕರೂ ಇದ್ದಾರೆ. ಮಿತಿ ಮೀರಿ ಹೇರಿದ ಲಾರಿ ಏರು ಹತ್ತುವಾಗ ಕಪ್ಪು ಹೊಗೆ ಬಿಡುವುದು ಎಂಜಿನ್ನಿನ ವಯಸ್ಸಿನಿಂದಷ್ಟೇ ಅಲ್ಲ. ಹೊಸ ಲಾರಿಗಳಲ್ಲಿ ಯೂರಿಯಾ ದ್ರಾವಣದ ಖರ್ಚು ಉಳಿಸಲು ಸೆನ್ಸರಿಗೆ ಸುಳ್ಳು ಸಂಕೇತ ಕೊಡುವ ಉಪಕರಣ ಜೋಡಿಸುವ ಚಾಳಿಯೂ ಇದೆ. ಹಾಗೆ ಮಾಡಿದ ಬಿಎಸ್-6 ಲಾರಿಯು ಕಾಗದದ ಮೇಲೆ ಮಾತ್ರ ಬಿಎಸ್-6. ಇಂಥ ಚಾಳಿಗಳನ್ನು ಇಟ್ಟುಕೊಂಡು ವಯಸ್ಸನ್ನು ಬಿಟ್ಟು ಹೊಗೆಯನ್ನು ಅಳೆಯಿರಿ ಎಂದು ಬೇಡಿಕೆಯಿಡುವುದಕ್ಕೆ ನೈತಿಕ ಬಲವಿರುವುದಿಲ್ಲ. ಪರೀಕ್ಷೆಯನ್ನು ನಂಬಬಹುದೆಂಬ ಸ್ಥಿತಿ ಬಂದಾಗ ಮಾತ್ರ ದಿನಾಂಕದ ನಿಯಮ ತಾನಾಗಿ ಹಿಂದೆ ಸರಿಯುತ್ತದೆ.

ಪರೀಕ್ಷೆಯ ವಿಧಾನವೂ ಬದಲಾಗಬೇಕಾಗಿದೆ. ಪೆಟ್ರೋಲ್ ವಾಹನ ನಿಂತಲ್ಲೇ ಓಡುವಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್, ಡೀಸೆಲ್ ವಾಹನದ ಆಕ್ಸಿಲರೇಟರ್ ಒತ್ತಿದಾಗ ಹೊಗೆಯ ದಟ್ಟಣೆ: ಸದ್ಯದ ತಪಾಸಣೆ ನೋಡುವುದು ಇಷ್ಟನ್ನೇ. ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮಕಣಗಳಾಗಲಿ, ನೈಟ್ರೋಜನ್ ಆಕ್ಸೈಡುಗಳಾಗಲಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಓಡುವ ವಾಹನದ ಹೊಗೆಯನ್ನು ರಸ್ತೆ ಬದಿಯಿಂದಲೇ ಅಳೆಯುವ ಉಪಕರಣಗಳು ಹೊರದೇಶಗಳಲ್ಲಿ ಬಳಕೆಯಲ್ಲಿವೆ. ಅವುಗಳನ್ನು ವರ್ತಕರು ವಿರೋಧಿಸದೆ ಸ್ವಾಗತಿಸಬೇಕು. ಚೆನ್ನಾಗಿಟ್ಟುಕೊಂಡ ಹಳೆಯ ಗಾಡಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೊಂದಿಲ್ಲ.

ಟೋಕಿಯೊ ನಗರದ ಅನುಭವ ಈ ವಿಷಯದಲ್ಲಿ ಗಮನಾರ್ಹ. ಅಲ್ಲಿನ ಗವರ್ನರ್ ಆಗಿದ್ದ ಶಿಂತಾರೊ ಇಶಿಹಾರ 1999ರಲ್ಲಿ ಡೀಸೆಲ್ ಮಸಿ ತುಂಬಿದ ಪ್ಲಾಸ್ಟಿಕ್ ಬಾಟಲಿಯನ್ನು ಪತ್ರಕರ್ತರ ಮುಂದೆ ಹಿಡಿದು ಅಭಿಯಾನ ನಡೆಸಿದರು. 2000ದಲ್ಲಿ ಶಾಸನವಾಯಿತು, 2003ರ ಅಕ್ಟೋಬರ್ 1ರಿಂದ ಟೋಕಿಯೊ ಮತ್ತು ನೆರೆಯ ಮೂರು ಪ್ರಾಂತಗಳಲ್ಲಿ ಕಣಗಳ ಮಿತಿ ಮೀರಿದ ಡೀಸೆಲ್ ಲಾರಿ, ಬಸ್ಸುಗಳು ಓಡದಂತಾಯಿತು. ಮೊದಲ ನೋಂದಣಿಯಿಂದ ಏಳು ವರ್ಷಗಳ ಕಾಲಾವಕಾಶವಿತ್ತು. ಅದು ಮುಗಿದ ಮೇಲೂ, ಅನುಮೋದಿತ ಮಸಿಶೋಧಕ ಅಳವಡಿಸಿದ ಲಾರಿ ಓಡಬಹುದಿತ್ತು; ಶೋಧಕ ಕೊಳ್ಳಲು ಸಣ್ಣ ಮಾಲೀಕರಿಗೆ ನಗರಾಡಳಿತ ನೆರವು ಕೊಟ್ಟಿತು. ನಾಲ್ಕೂ ಆಡಳಿತಗಳು ಒಂದೇ ದಿನ ಒಂದೇ ನಿಯಮ ತಂದದ್ದರಿಂದ ಗಡಿ ದಾಟಿ ಪಾರಾಗುವ ದಾರಿ ಉಳಿಯಲಿಲ್ಲ. 2025ರ ಜುಲೈನಲ್ಲಿ ದೆಹಲಿ ಎಡವಿದ್ದು ಇಲ್ಲಿಯೇ: ದೆಹಲಿಯಲ್ಲಿ ಇಂಧನ ಸಿಗದವನು ಗುರುಗ್ರಾಮಕ್ಕೋ ನೊಯ್ಡಾಕ್ಕೋ ಹೋಗಿ ತುಂಬಿಸಿಕೊಳ್ಳಬಹುದಿತ್ತು. ಲಂಡನ್ನಿನಲ್ಲೂ ಅಳತೆ ಮಾನದಂಡದ್ದೇ. ಯೂರೋ-4 ಪೆಟ್ರೋಲ್ ಕಾರು ಎಷ್ಟೇ ಹಳೆಯದಾದರೂ ಶುಲ್ಕವಿಲ್ಲ. ಯೂರೋ-6 ಮುಟ್ಟದ ಡೀಸೆಲ್ ಕಾರು ದಿನಕ್ಕೆ 12.50 ಪೌಂಡ್ ತೆರಬೇಕು.

ಶೋಧಕದ ದಾರಿ ಇಲ್ಲಿಯೂ ಅಸಾಧ್ಯವಲ್ಲ. ಡೀಸೆಲ್‌ನಲ್ಲಿ ಗಂಧಕ ಹೆಚ್ಚಿದ್ದರೆ ಮಸಿಶೋಧಕ ಬಾಳುವುದಿಲ್ಲವೆಂಬುದು ಹಿಂದಿನ ಆಕ್ಷೇಪ. ಬಿಎಸ್-3 ಕಾಲದಲ್ಲಿ ದಶಲಕ್ಷಕ್ಕೆ 350 ಭಾಗವಿದ್ದ ಗಂಧಕ 2020ರ ಏಪ್ರಿಲ್‌ನಿಂದ ದೇಶದಾದ್ಯಂತ 10 ಭಾಗಕ್ಕೆ ಇಳಿದಿದೆ. ಆ ಆಕ್ಷೇಪಕ್ಕೆ ಈಗ ಬಲವಿಲ್ಲ. ಇನ್ನೂ ಕೆಲವು ವರ್ಷ ದುಡಿಯಬಲ್ಲ ಲಾರಿಗೆ ಯಾವ ಶೋಧಕ ಒಪ್ಪಿಗೆಯಾಗುವುದು, ಅದನ್ನು ಜೋಡಿಸಿದರೆ ಎಷ್ಟು ವರ್ಷದ ರಕ್ಷಣೆ ಸಿಗುವುದು ಎಂಬುದನ್ನು ಸರ್ಕಾರ ಸ್ಪಷ್ಟಪಡಿಸಿದರೆ, ಅದನ್ನು ತಯಾರಿಸುವ ಕೆಲಸವೇ ಪೀಣ್ಯ, ಬೆಳಗಾವಿಗಳ ಸಣ್ಣ ಕಾರ್ಖಾನೆಗಳಿಗೆ ಒಂದು ಅವಕಾಶವಾದೀತು.

ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದಿಡಬೇಕಾದ ಮನವಿ ನಿಷೇಧವನ್ನು ಕೈಬಿಡಿ ಎಂಬುದಾಗಿರಬಾರದು. ಬೆಂಗಳೂರಿನಲ್ಲಾಗಲಿ ದಾವಣಗೆರೆಯಲ್ಲಾಗಲಿ ಯಾವುದೇ ನಿರ್ಬಂಧ ಬರುವುದಾದರೆ ಅದು ಎಂಜಿನ್ನಿನ ಮಾನದಂಡದ ಮೇಲೆ ಬರಲಿ. ಕನಿಷ್ಠ ಐದು ವರ್ಷ ಮೊದಲೇ ದಿನಾಂಕ ಗೊತ್ತಾಗಲಿ. ಗೊತ್ತಾದ ದಿನಾಂಕ ಮುಂದೆ ಹೋಗದಿರಲಿ. ಮುಂದೂಡಿಕೆಯನ್ನು ಕೇಳುವುದು ವರ್ತಕ ಸಂಘಗಳ ಹಳೆಯ ಅಭ್ಯಾಸ. ಆದರೆ ಮುಂದೂಡಿಕೆಯಿಂದ ನಷ್ಟವಾಗುವುದು ನಿಯಮ ನಂಬಿ ಮೊದಲೇ ಹೊಸ ವಾಹನ ಕೊಂಡವನಿಗೆ, ಅಂದರೆ ಸಂಘದ ಇನ್ನೊಬ್ಬ ಸದಸ್ಯನಿಗೇ. ಇದರ ಜೊತೆಗೆ ಸಾರಿಗೆ ವಾಹನದ ಗುಜರಿ ವಿನಾಯಿತಿಯು ಹೊಸ ವಾಹನಕ್ಕಷ್ಟೇ ಅಲ್ಲದೆ ಬಿಎಸ್-6ರ ಹಳೆಯ ವಾಹನ ಕೊಳ್ಳುವವನಿಗೂ ದೊರೆಯುವಂತಾದರೆ ಮೂರನೆಯ ಕೈಯವನಿಗೆ ನಿಜವಾದ ನೆರವಾಗುತ್ತದೆ.

ತಕ್ಷಣಕ್ಕೆ ಆಗಬೇಕಾದ ಕೆಲಸ ಇದಕ್ಕಿಂತ ಸರಳ. ದೆಹಲಿಗೆ ಸರಕು ಕಳುಹಿಸುವ ಮಂಡಿಯವರು ಲಾರಿ ಗೊತ್ತುಮಾಡುವಾಗ ಬಾಡಿಗೆಯ ಜೊತೆಗೆ ಆರ್‌ಸಿಯಲ್ಲಿರುವ ಮಾನದಂಡವನ್ನೂ ಕೇಳಿ ಲೋಡಿಂಗ್ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಬಿಎಸ್-3 ಎಂದಿದ್ದರೆ ಆ ಲಾರಿಗೆ ಹೇರಕೂಡದು. ಬಿಎಸ್-4 ಎಂದಿದ್ದರೆ 2026ರ ಅಕ್ಟೋಬರ್ 31ರ ಗೆರೆಯನ್ನು ನೆನಪಿನಲ್ಲಿಡಬೇಕು. ಎರಡು ಸಾವಿರ ಕಿಲೋಮೀಟರ್ ಸಾಗಿ ಗಡಿಯಲ್ಲಿ ನಿಂತ ಲಾರಿಯಿಂದ ಮಾಲು ಇಳಿಸಿ ಮತ್ತೊಂದಕ್ಕೆ ಹೇರುವ ಕೂಲಿ, ತಡವಾದ ದಿನಗಳ ಬಾಡಿಗೆ, ಹಾಳಾದ ಸರಕು ಇವುಗಳನ್ನು ಯಾರು ಭರಿಸಬೇಕೆಂಬುದನ್ನೂ ಸಾಗಣೆ ಕಂಪನಿಯೊಡನೆ ಮೊದಲೇ ಲಿಖಿತವಾಗಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.